ನಮ್ಮ ಬಿಸಿಲಿಗೆ, ನಮ್ಮ ಮಳೆಗೆ ಯಾವ ಹುಲ್ಲು?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ, ಕಾರಂಜಿ ಹಾರಿಸುವಂತಿಲ್ಲ, ಕೈತೋಟಕ್ಕೆ ಹಾಯಿಸುವಂತಿಲ್ಲ. ಮೀರಿದರೆ 5,000 ರೂಪಾಯಿ ದಂಡ. ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾಯುತ್ತಿದ್ದ ಆ ಬೇಸಿಗೆಯಲ್ಲಿ ನಗರದ ಎಷ್ಟೋ ಹುಲ್ಲುಹಾಸುಗಳಿಗೆ ವಾರಗಟ್ಟಲೆ ನೀರು ಬೀಳಲಿಲ್ಲ. ಮಳೆ ಬಂದಮೇಲೆ ಕೆಲವು ಹಾಸುಗಳು ಬೇಗನೆ ಚಿಗುರಿಕೊಂಡವು. ಕೆಲವು ಚಿಗುರಲೇ ಇಲ್ಲ, ಅಗೆದು ಹೊಸದಾಗಿ ಹಾಕಿಸಬೇಕಾಯಿತು. ಒಂದೇ ಬಡಾವಣೆಯಲ್ಲಿ, ಒಂದೇ ಬಿಸಿಲಿನಲ್ಲಿ ಹೀಗೆ ಎರಡು ಬಗೆಯಾಗಲು ಮಾಲಿಯ ಶ್ರದ್ಧೆ ಅಷ್ಟಾಗಿ ಕಾರಣವಾಗಿರಲಿಲ್ಲ. ಯಾವ ಹುಲ್ಲು ನೆಟ್ಟರು, ಅದರಡಿ ಮಣ್ಣು ಎಷ್ಟು ಆಳ ಇತ್ತು, ಆ ಜಾಗಕ್ಕೆ ದಿನಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತಿತ್ತು ಎಂಬುದರ ಮೇಲೆಯೇ ಬಹುಪಾಲು ನಿರ್ಧಾರವಾಗಿತ್ತು. ಇವನ್ನೆಲ್ಲ ನೆಡುವ ಮೊದಲೇ ನೋಡಬಹುದು, ಆದರೆ ನಮ್ಮಲ್ಲಿ ನೋಡುವವರು ಕಡಿಮೆ. ನರ್ಸರಿಗೆ ಹೋಗಿ ಅಂಗೈಯಗಲದ ತುಂಡನ್ನು ಮುಟ್ಟಿ, ಮೆತ್ತಗಿದೆಯೇ, ಹಸಿರಾಗಿದೆಯೇ ಎಂದು ಮಾತ್ರ ನೋಡಿ ಹಣ ಕೊಟ್ಟು ಬರುತ್ತೇವೆ.

ಹಸಿರು ಹಾಸನ್ನು ಮನೆಯ ಮುಂದೆ ಬೆಳೆಸುವ ರೂಢಿ ನಮ್ಮ ಮನೆಗಳಲ್ಲಿ ಹಿಂದೆ ಇರಲಿಲ್ಲ. ಮನೆಯ ಮುಂದೆ ಇದ್ದದ್ದು ಅಂಗಳ: ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಬಿಡುವ ಗಟ್ಟಿ ನೆಲ. ಮದುವೆಗೆ ಅಲ್ಲೇ ಚಪ್ಪರ, ಸುಗ್ಗಿಯಲ್ಲಿ ಅಲ್ಲೇ ಕಾಳು ಒಣಗಿಸುವುದು. 1809ರಲ್ಲಿ ಬೆಂಗಳೂರಿಗೆ ದಂಡು ಪ್ರದೇಶ ಬಂತು, ಅದರೊಂದಿಗೆ ಬಂಗಲೆ ಬಂತು, ಬಂಗಲೆಯ ಸುತ್ತ ಕತ್ತರಿಸಿದ ಹುಲ್ಲು ಬಂತು. 1876ರಲ್ಲಿ ಗಾಲ್ಫ್ ಕ್ಲಬ್ ಹುಟ್ಟಿತು. ಇಂಗ್ಲೆಂಡಿನಲ್ಲಿ 1830ರಲ್ಲಿ ಎಡ್ವಿನ್ ಬಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದಮೇಲೆ ಅಲ್ಲಿಯ ಸಾಮಾನ್ಯರ ಮನೆಗೂ ಲಾನ್ ಇಳಿಯಿತು. ಅಲ್ಲಿ ವರ್ಷವಿಡೀ ಅಷ್ಟಿಷ್ಟು ಜಿನುಗು ಮಳೆ, ಇಬ್ಬನಿ, ಮೋಡ. ಹುಲ್ಲು ಹನ್ನೆರಡು ತಿಂಗಳೂ ಹಸಿರಾಗಿರುವುದು ಅಲ್ಲಿಯ ಹವೆಯ ಗುಣ. ನಾವು ಹುಲ್ಲುಹಾಸಿನ ಜೊತೆಗೆ ಆ ಹನ್ನೆರಡು ತಿಂಗಳ ಹಸಿರಿನ ನಿರೀಕ್ಷೆಯನ್ನೂ ತಂದುಕೊಂಡೆವು. ನಮ್ಮ ಬಯಲುಸೀಮೆಯ ಗೋಮಾಳ, ಕಾವಲುಗಳನ್ನು ನೋಡಿದವರಿಗೆ ಗೊತ್ತು, ಇಲ್ಲಿಯ ಹುಲ್ಲು ಮಾಘ ಕಳೆಯುತ್ತಲೇ ಹೊಂಬಣ್ಣಕ್ಕೆ ತಿರುಗಿ, ಮುಂಗಾರಿನಲ್ಲಿ ಮತ್ತೆ ಹಸಿರಾಗುತ್ತದೆ. ಅದು ಸತ್ತಿರುವುದಿಲ್ಲ, ಮಳೆಗಾಗಿ ಕಾಯುತ್ತಿರುತ್ತದೆ. ಮನೆಯ ಹಾಸಿಗೂ ಅಷ್ಟು ಅವಕಾಶ ಕೊಟ್ಟರೆ ಹುಲ್ಲಿನ ಆಯ್ಕೆಯ ಅರ್ಧ ಗೊಂದಲ ಕಳೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಗತ್ತಿನ ಹಾಸುಹುಲ್ಲುಗಳಲ್ಲಿ ಎರಡು ಕುಲ. ಚಳಿಸೀಮೆಯ ಹುಲ್ಲುಗಳು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೊಗಸಾಗಿ ಬೆಳೆಯುತ್ತವೆ. ಕೆಂಟಕಿ ಬ್ಲೂಗ್ರಾಸ್, ರೈಗ್ರಾಸ್, ಫೆಸ್ಕ್ಯೂ ಈ ಗುಂಪಿನವು. ಬಿಸಿಸೀಮೆಯ ಹುಲ್ಲುಗಳಿಗೆ 27ರಿಂದ 35 ಡಿಗ್ರಿ ಬೇಕು. ವ್ಯತ್ಯಾಸ ಇರುವುದು ಎಲೆಯೊಳಗಿನ ಅಡುಗೆಯ ಕ್ರಮದಲ್ಲಿ. ಬಿಸಿಸೀಮೆಯ ಹುಲ್ಲು, ನಮ್ಮ ಜೋಳ, ರಾಗಿ, ಕಬ್ಬುಗಳ ಹಾಗೆಯೇ, ಗಾಳಿಯ ಇಂಗಾಲಾಮ್ಲವನ್ನು ಮೊದಲು ಒಂದು ಕಡೆ ಹಿಡಿದು ಸಾಂದ್ರಗೊಳಿಸಿಕೊಂಡು ಆಮೇಲೆ ಸಕ್ಕರೆ ಮಾಡುತ್ತದೆ. ಹಾಗಾಗಿ ಎಲೆಯ ರಂಧ್ರಗಳನ್ನು ಹೆಚ್ಚು ತೆರೆಯದೆ, ಕಡಿಮೆ ನೀರು ಕಳೆದುಕೊಂಡು ಬೆಳೆಯಬಲ್ಲದು. ಚಳಿಸೀಮೆಯ ಹುಲ್ಲಿಗೆ ಈ ಸೌಕರ್ಯ ಇಲ್ಲ. ಬಿಸಿ ಏರಿದಂತೆ ಅದು ದುಡಿದದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆ. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರುವ ಮಕ್ಕಳ ಮನೆಯ ಹಿತ್ತಿಲು ನೋಡಿ ಮರುಳಾಗಿ, ಬರುವಾಗ ಒಂದು ಪೊಟ್ಟಣ ಬೀಜ ತರುವ ಹಿರಿಯರಿದ್ದಾರೆ. ಡಿಸೆಂಬರಿನಲ್ಲಿ ಬಿತ್ತಿದರೆ ಅದು ಮೊಳೆತು ಕಣ್ಣು ತಣಿಸುವುದೂ ಉಂಟು. ಏಪ್ರಿಲ್ ಹೊತ್ತಿಗೆ ಉಳಿದಿರುವುದಿಲ್ಲ. ಸಸ್ಯಗಳ ಕ್ವಾರಂಟೈನ್ ನಿಯಮದಂತೆ ಅನುಮತಿಯಿಲ್ಲದೆ ಬೀಜ ತರುವುದೂ ತಪ್ಪು. ಕಾಶ್ಮೀರಕ್ಕೆ, ಹಿಮಾಚಲದ ಎತ್ತರಕ್ಕೆ ಅವು ಸರಿ. ಕರ್ನಾಟಕದ ಯಾವ ಮೂಲೆಗೂ ಬೇಡ.

ಹಾಗಾದರೆ ನಮ್ಮ ಪಾಲಿಗೆ ಬರುವ ಹುಲ್ಲುಗಳಲ್ಲಿ ಮೊದಲನೆಯದು ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆ. ಉತ್ತರ ಕರ್ನಾಟಕದ ರೈತರು ಕರಕಿ ಎಂದು ಕರೆದು, ಬೆಳೆಯ ವೈರಿಯೆಂದು ಆಳಕ್ಕೆ ಅಗೆದು ಕಿತ್ತುಹಾಕುವ ಅದೇ ಹುಲ್ಲು. ಹೊಲದಲ್ಲಿ ಅದನ್ನು ಶತ್ರುವಾಗಿಸಿದ ಗುಣಗಳೇ ಹಾಸಿನಲ್ಲಿ ಅದನ್ನು ಮೇಲ್ಪಂಕ್ತಿಗೆ ಏರಿಸುತ್ತವೆ. ನೆಲದ ಮೇಲೆ ಬಳ್ಳಿಯಾಗಿ ಹರಿದು ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ನೆಲದೊಳಗೂ ಬಿಳಿಯ ಕಾಂಡ ಓಡಿಸಿ, ಅದರಲ್ಲಿ ಆಹಾರ ಕೂಡಿಟ್ಟುಕೊಳ್ಳುತ್ತದೆ. ಮೇಲಿನದೆಲ್ಲ ಒಣಗಿದರೂ, ದನ ಮೇದರೂ, ಕಾಲಡಿ ಸಿಕ್ಕಿ ನುರಿದರೂ ಒಳಗಿನ ಕಾಂಡದಿಂದ ಎದ್ದು ಬರುತ್ತದೆ. ಉಪ್ಪು ನೀರು, ಗಡಸು ನೀರು, ಕಪ್ಪು ಮಣ್ಣು, ಕೆಮ್ಮಣ್ಣು ಯಾವುದಕ್ಕೂ ಬೇಗ ಸೋಲುವುದಿಲ್ಲ. ಅದು ಸೋಲುವುದು ನೆರಳಿಗೆ ಮಾತ್ರ. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೀಳದ ಕಡೆ ಗರಿಕೆ ಸೊರಗಿ, ಉದ್ದುದ್ದ ಕಾಲು ಚಾಚಿ, ತೆಳುವಾಗುತ್ತಾ ಹೋಗಿ ಬರಿನೆಲ ಕಾಣತೊಡಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಅದು ಸರಿಹೋಗುವುದಿಲ್ಲ, ಬೆಳಕಿನ ಕೊರತೆಯನ್ನು ಯೂರಿಯಾ ತುಂಬಲಾರದು.

ಬೀದಿಬದಿಯ ಗರಿಕೆ ಒರಟು, ಬೇಗ ಬೆಳೆಯುತ್ತದೆ, ಹೂತೆನೆ ತೆಗೆಯುತ್ತದೆ ಎಂಬ ದೂರು ನಿಜ. ಅದಕ್ಕೆ ಉತ್ತರವಾಗಿ ಬಂದದ್ದು ಮಿಶ್ರತಳಿಗಳು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ಸಸ್ಯತಳಿ ವಿಜ್ಞಾನಿ ಸಾಮಾನ್ಯ ಗರಿಕೆಯನ್ನು ದಕ್ಷಿಣ ಆಫ್ರಿಕಾದ ಅದರ ನಯವಾದ ಸೋದರಿಯೊಂದಿಗೆ ಕೂಡಿಸಿ ಟಿಫ್‌ಗ್ರೀನ್, ಟಿಫ್‌ವೇ, ಟಿಫ್‌ಡ್ವಾರ್ಫ್ ತಳಿಗಳನ್ನು ಕೊಟ್ಟರು. ಇವುಗಳಲ್ಲಿ ಬೀಜ ಕಟ್ಟುವುದಿಲ್ಲ, ಬಳ್ಳಿ ತುಂಡುಗಳಿಂದಲೇ ಬೆಳೆಸಬೇಕು. ಇಂದು ಬಿಸಿಸೀಮೆಗಳ ಬಹಳಷ್ಟು ಗಾಲ್ಫ್ ಮೈದಾನಗಳಲ್ಲಿ ಈ ವಂಶದ ಹುಲ್ಲೇ ಇದೆ. ಇದೇ ಬರ್ಟನ್ ಸಜ್ಜೆಯಲ್ಲಿ ರೂಪಿಸಿದ ಟಿಫ್ಟ್ 23ಎ ಎಂಬ ತಾಯಿತಳಿಯಿಂದಲೇ 1965ರಲ್ಲಿ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಬಂತು. ಕೊಪ್ಪಳ, ರಾಯಚೂರು ಕಡೆಯ ರೊಟ್ಟಿಗೂ ಗಾಲ್ಫ್ ಮೈದಾನಕ್ಕೂ ಒಬ್ಬನೇ ವಿಜ್ಞಾನಿಯ ಕೈ ತಾಗಿದೆ ಎಂಬುದು ನೆನಪಿಡಬೇಕಾದ ಸಂಗತಿ.

ಆದರೆ ಕ್ರೀಡಾಂಗಣದಲ್ಲಿ ಕಂಡ ಹುಲ್ಲನ್ನೇ ಮನೆಗೆ ತರಬೇಕೆನ್ನುವವರು ಕ್ರೀಡಾಂಗಣದ ಮಣ್ಣನ್ನೂ ಒಮ್ಮೆ ನೋಡಬೇಕು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಮೈದಾನದಡಿ ಕೊಳವೆಗಳ ಜಾಲ ಕೂರಿಸಿ, ಮಳೆನೀರನ್ನು ಹೀರಿ ತೆಗೆಯುವ, ಬೇರಿಗೆ ಗಾಳಿ ಊದುವ ವ್ಯವಸ್ಥೆ ಮಾಡಲಾಗಿದೆ. ಮೇಲೆ ಮರಳಿನ ಹಾಸು, ಕೆಳಗೆ ಯಂತ್ರ, ಜೊತೆಗೆ ದಿನವೂ ನೋಡಿಕೊಳ್ಳುವ ತಂಡ. 2024ರ ನೀರಿನ ಬವಣೆಯಲ್ಲೂ ಅಲ್ಲಿ ಐಪಿಎಲ್ ನಡೆದದ್ದು ಸಂಸ್ಕರಿಸಿದ ಕೊಳಚೆ ನೀರಿನ ಬಲದಿಂದ. ಮಿಶ್ರತಳಿ ಗರಿಕೆಯನ್ನು ಒಂದೆರಡು ಸೆಂಟಿಮೀಟರ್ ಎತ್ತರದಲ್ಲೇ ಇಟ್ಟರೆ ಚೆಂದ, ಅದಕ್ಕೆ ಬೆಳೆಯುವ ಕಾಲದಲ್ಲಿ ವಾರಕ್ಕೆ ಎರಡು ಬಾರಿ ಕತ್ತರಿ ಬೇಕು. ಭಾನುವಾರ ಮಾತ್ರ ಬಿಡುವಿರುವ ಮನೆಯವರಿಗೆ ಇದು ಹೊರೆ. ಅಂಥವರಿಗೆ ಸಾಧಾರಣ ಗರಿಕೆಯನ್ನು ಮೂರು, ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ಬಿಟ್ಟುಕೊಂಡು ಸಾಕುವುದೇ ಲೇಸು.

ಈಗ ನರ್ಸರಿಗಳಲ್ಲಿ ಅತಿ ಹೆಚ್ಚು ಮಾರಾಟವಾಗುವ ಹುಲ್ಲಿನ ವಿಷಯ. ಮೆಕ್ಸಿಕನ್ ಎಂದೋ ಕೊರಿಯನ್ ಎಂದೋ ಕರೆಸಿಕೊಳ್ಳುವ ಇವು ಬಹುಮಟ್ಟಿಗೆ ಜೊಯ್ಸಿಯಾ ಕುಲದವು, ಮೂಲ ಪೂರ್ವ ಏಷ್ಯಾ ಮತ್ತು ಆಗ್ನೇಯ ಏಷ್ಯಾ. ಹೆಸರುಗಳು ಅಂಗಡಿಯಿಂದ ಅಂಗಡಿಗೆ ಅದಲುಬದಲಾಗುವುದರಿಂದ ಗಿಡವನ್ನೇ ನೋಡಿ ಗುರುತಿಸುವುದು ಕ್ಷೇಮ. ಜೊಯ್ಸಿಯಾ ಎಲೆ ಸಪುರ, ಬಿರುಸು. ಅಂಗೈಯಿಂದ ಒತ್ತಿದರೆ ಚುಚ್ಚಿದಂತಾಗುತ್ತದೆ. ಗರಿಕೆ ಸ್ವಲ್ಪ ಬೂದುಹಸಿರು, ಎಲೆ ಕಾಂಡಕ್ಕೆ ಸೇರುವಲ್ಲಿ ಸಣ್ಣ ಬಿಳಿ ಕೂದಲಿನ ಸಾಲು, ತೆನೆ ಬಂದರೆ ಬೆರಳು ಬಿಡಿಸಿದ ಹಾಗೆ ಮೂರರಿಂದ ಆರು ಕವಲು. ಅಗಲ ಎಲೆ, ಮೊಂಡು ತುದಿ, ಮೃದು ಸ್ಪರ್ಶ ಇದ್ದರೆ ಅದು ಆಕ್ಸೊನೋಪಸ್, ನಮ್ಮ ಕರಾವಳಿಯ ತೋಟಗಳಲ್ಲಿ ತಾನೇ ಹಬ್ಬಿರುವ ಹುಲ್ಲು. ದಪ್ಪನೆಯ ಬಳ್ಳಿ, ದೋಣಿಯ ಮೂತಿಯಂಥ ಎಲೆತುದಿ ಇದ್ದರೆ ಬಫೆಲೋ ಹುಲ್ಲು.

ಜೊಯ್ಸಿಯಾದ ಚೆಲುವು ನಿರಾಕರಿಸುವಂಥದ್ದಲ್ಲ. ದಟ್ಟವಾಗಿ ಹೆಣೆದುಕೊಂಡು ಕಳೆಗೆ ಜಾಗ ಕೊಡುವುದಿಲ್ಲ, ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವ ಕೆಲಸ ಕಡಿಮೆ, ಅರೆನೆರಳನ್ನು ಗರಿಕೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಬರವನ್ನೂ ಉಪ್ಪನ್ನೂ ತಕ್ಕಮಟ್ಟಿಗೆ ಸಹಿಸುತ್ತದೆ. ಆದರೆ ಆ ನಿಧಾನವೇ ಅದರ ಮಿತಿ. ಮಕ್ಕಳು ದಿನಾ ಚೆಂಡಾಡುವ ಜಾಗದಲ್ಲಿ ಸವೆದ ಮಚ್ಚೆ ತುಂಬಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಗರಿಕೆಗೆ ಮಳೆಗಾಲದಲ್ಲಿ ಕೆಲವೇ ವಾರ ಸಾಕು. ಇನ್ನೊಂದು ತೊಂದರೆ ಕಣ್ಣಿಗೆ ತಡವಾಗಿ ಬೀಳುತ್ತದೆ. ಹಸಿರೆಲೆಗೂ ಮಣ್ಣಿಗೂ ನಡುವೆ ಒಣಕಾಂಡ, ಬೇರುಗಳ ಒಂದು ಪದರ ಸೇರುತ್ತಾ ಹೋಗುತ್ತದೆ, ಮಾಲಿಗಳು ಇದನ್ನು ಥ್ಯಾಚ್ ಎನ್ನುತ್ತಾರೆ. ಒಂದೂವರೆ ಸೆಂಟಿಮೀಟರ್ ದಾಟಿದರೆ ಅದು ನೀರನ್ನು ಮಣ್ಣಿಗೆ ಇಳಿಯಗೊಡುವುದಿಲ್ಲ. ಹಾಸು ಅಲ್ಲಲ್ಲಿ ದಿಂಬಿನಂತೆ ಉಬ್ಬಿ, ಕತ್ತರಿಸಿದಾಗ ಉಬ್ಬಿದ ಕಡೆ ಬೋಳಾಗುತ್ತದೆ. ಎರಡು ವರ್ಷ ಸೊಗಸಾಗಿದ್ದ ಮೆಕ್ಸಿಕನ್ ಹಾಸು ಮೂರನೆಯ ವರ್ಷ ಹಳದಿ ತೇಪೆಗಳಾಗಿ ಕಾಣುವುದರ ಹಿಂದಿನ ಕಥೆ ಸಾಮಾನ್ಯವಾಗಿ ಇದೇ. ವರ್ಷಕ್ಕೊಮ್ಮೆ, ಮುಂಗಾರಿನ ಆರಂಭದಲ್ಲಿ, ಲೋಹದ ಹಲ್ಲಿನ ಕುಂಟೆಯಿಂದ ಬಲವಾಗಿ ಬಾಚಿ ಆ ಪದರ ತೆಗೆಯಲು ಸಿದ್ಧರಿದ್ದರೆ ಮಾತ್ರ ಜೊಯ್ಸಿಯಾ ಹಾಕಿಸಿ.

ನೆರಳಿನ ಪ್ರಶ್ನೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಗರದ ಲಾನ್‌ಗಳು ಹೆಚ್ಚಾಗಿ ಕೆಡುವುದು ಇಲ್ಲೇ. 30 ಗುಣಿಸು 40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಪಟ್ಟಿಗೆ ಪಕ್ಕದ ಮನೆಯ ಮೂರು ಅಂತಸ್ತಿನ ನೆರಳು. ಅಪಾರ್ಟ್‌ಮೆಂಟಿನ ಎರಡು ಗೋಪುರಗಳ ನಡುವೆ ಬಿಸಿಲು ಎರಡು ತಾಸು ಹಾಯ್ದು ಹೋಗುತ್ತದೆ. ಅಲ್ಲಿ ಗರಿಕೆಯೂ ಬೇಡ, ಜೊಯ್ಸಿಯಾವೂ ಬೇಡ. ಮೂರು, ನಾಲ್ಕು ತಾಸಿನ ಬಿಸಿಲೋ ಮರದೆಲೆಗಳ ನಡುವೆ ಸೋಸಿ ಬರುವ ಬೆಳಕೋ ಇದ್ದರೆ ಬಫೆಲೋ ಹುಲ್ಲನ್ನು ಆರೇಳು ಸೆಂಟಿಮೀಟರ್ ಎತ್ತರಕ್ಕೆ ಬಿಟ್ಟು ಬೆಳೆಸಬಹುದು. ತೇವ ಸದಾ ಇರುವ ಕಡೆ ಆಕ್ಸೊನೋಪಸ್. ನೆರಳಿನಲ್ಲಿ ಎಲೆ ಉದ್ದವಾಗಿದ್ದಷ್ಟೂ ಬೆಳಕು ಹಿಡಿಯುವ ಮೈ ಹೆಚ್ಚು, ಹಾಗಾಗಿ ಅಲ್ಲಿ ಗಿಡ್ಡವಾಗಿ ಕತ್ತರಿಸುವುದು ದೊಡ್ಡ ಹಾನಿ. ಅದಕ್ಕಿಂತಲೂ ಕಡಿಮೆ ಬೆಳಕಿದ್ದರೆ ಹುಲ್ಲಿನ ಆಸೆ ಬಿಡುವುದೇ ವಿವೇಕ. ಒಂದೆಲಗ ಅಂಥ ಕಡೆ ತೇವವಿದ್ದರೆ ಹಾಸಿನಂತೆ ಹಬ್ಬುತ್ತದೆ, ತಂಬುಳಿಗೂ ಆಗುತ್ತದೆ. ಅರೆನೆರಳಿಗೆ ಹಳದಿ ಹೂವಿನ ಪೀನಟ್ ಬಳ್ಳಿ, ಎಂದರೆ ಅರಾಕಿಸ್ ಪಿಂಟೋಯಿ, ಹಿಡಿಸುತ್ತದೆ. ಕಡಲೆಕಾಯಿಯ ಬಂಧುವಾದ ಅದು ಗಾಳಿಯ ಸಾರಜನಕವನ್ನು ತಾನೇ ಕಟ್ಟಿಕೊಳ್ಳುವುದರಿಂದ ಗೊಬ್ಬರದ ಗೊಡವೆಯಿಲ್ಲ. ಅದೇ ರೀತಿ ಹಳದಿ ಹೂ ಬಿಡುವ ವೆಡೆಲಿಯಾವನ್ನು ಮಾತ್ರ ದೂರವಿಡಿ. ತೋಟದಿಂದ ತಪ್ಪಿಸಿಕೊಂಡು ಹಳ್ಳದ ದಂಡೆ, ಗದ್ದೆಯ ಅಂಚುಗಳನ್ನೆಲ್ಲ ಆವರಿಸಿಬಿಡುವ ಆಕ್ರಮಣಕಾರಿ ಅದು.

ಬೆಂಗಳೂರು, ಮೈಸೂರು, ತುಮಕೂರಿನ ಮಾತು ಹೀಗಾದರೆ ಘಟ್ಟದ ಕೆಳಗಿನ ಲೆಕ್ಕವೇ ಬೇರೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಅದೂ ಏಪ್ರಿಲ್‌ನಿಂದ ನವೆಂಬರಿನವರೆಗೆ ಹರಡಿಕೊಂಡು. ಮಂಗಳೂರಿಗೆ 3,500 ಮಿಲಿಮೀಟರಿಗೂ ಹೆಚ್ಚು, ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಮೋಡ ಕವಿದು ಬಿಸಿಲೇ ಇರುವುದಿಲ್ಲ, ಗರಿಕೆಗೆ ಅದು ನೆರಳಿನಲ್ಲಿ ನಿಂತಂತೆಯೇ. ಮುರಕಲ್ಲಿನ ಮಣ್ಣು ಹುಳಿ, ಸಾರವೆಲ್ಲ ತೊಳೆದುಹೋಗಿರುತ್ತದೆ. ಇಂಥ ನೆಲ, ಹವೆಗೆ ಒಗ್ಗುವುದು ಆಕ್ಸೊನೋಪಸ್. ತೆಂಗು, ಅಡಿಕೆಯ ನೆರಳಿನಲ್ಲಿ ಯಾರೂ ನೆಡದೆಯೇ ಅದು ಹಾಸಿಕೊಂಡಿರುವುದನ್ನು ಉಡುಪಿ, ಕುಂದಾಪುರದ ಕಡೆ ಎಲ್ಲಿ ಬೇಕಾದರೂ ನೋಡಬಹುದು. ಅದರ ಬೇರು ಮೇಲ್ಮಟ್ಟದಲ್ಲೇ ಇರುವುದರಿಂದ ಜನವರಿಯ ನಂತರ ಬಯಲಿನಲ್ಲಿ ಬಾಡುತ್ತದೆ, ಉಪ್ಪುನೀರನ್ನಂತೂ ತಡೆಯಲಾರದು. ಕಡಲಿಗೆ ತೀರ ಹತ್ತಿರ, ಬಾವಿಯ ನೀರು ಬೇಸಿಗೆಯಲ್ಲಿ ಸಪ್ಪೆಯಿಂದ ಉಪ್ಪಿಗೆ ತಿರುಗುವ ಕಡೆ ಪ್ಯಾಸ್ಪಾಲಮ್ ಎಂಬ ಕಡಲತೀರದ ಹುಲ್ಲೇ ಸರಿ. ಹಾಸುಹುಲ್ಲುಗಳಲ್ಲಿ ಉಪ್ಪನ್ನು ಅದರಷ್ಟು ತಾಳುವುದು ಇನ್ನೊಂದಿಲ್ಲ.

ಮಲೆನಾಡಿಗೂ ಬಹುತೇಕ ಇದೇ ಮಾತು ಹೊಂದುತ್ತದೆ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳ ಮಾಲೀಕರು ಊಟಿಯಲ್ಲಿ ಕಂಡ ದಪ್ಪ, ಹಚ್ಚಹಸಿರು ಕಿಕುಯು ಹುಲ್ಲನ್ನು ತರಿಸುವ ಯೋಚನೆಯಲ್ಲಿದ್ದರೆ ಅವರಿಗೆ ನನ್ನ ಬಿನ್ನಹ, ದಯವಿಟ್ಟು ತರಿಸಬೇಡಿ. ಕೀನ್ಯಾದ ಎತ್ತರದ ನಾಡಿನಿಂದ ಬಂದ ಅದು ನೀಲಗಿರಿಯ ಸಹಜ ಹುಲ್ಲುಗಾವಲುಗಳಿಗೆ ನುಗ್ಗಿ ಅಲ್ಲಿಯ ಮೂಲದ ಹುಲ್ಲುಗಳನ್ನು ಮುಚ್ಚಿಹಾಕುತ್ತಿದೆ. ಬಾಬಾಬುಡನ್‌ಗಿರಿ, ಕುದುರೆಮುಖದ ಶೋಲಾ ಹುಲ್ಲುಗಾವಲುಗಳು ನಮ್ಮಲ್ಲಿ ಉಳಿದಿರುವ ಅಮೂಲ್ಯ ನೆಲ. ಕಿಕುಯುವಿನ ಒಂದು ತುಂಡು ಬಳ್ಳಿ ಕಾಲಿಗೋ ಟ್ರ್ಯಾಕ್ಟರಿನ ಗಾಲಿಗೋ ಅಂಟಿ ಹೋದರೂ ಸಾಕು, ಅಲ್ಲಿಗೂ ಅದು ಹಬ್ಬಬಹುದು.

ಉತ್ತರದ ಎರೆಮಣ್ಣಿನ ಸೀಮೆಯಲ್ಲಿ, ಕಲಬುರಗಿ, ವಿಜಯಪುರ, ರಾಯಚೂರಿನಲ್ಲಿ, ಆಯ್ಕೆ ಒಂದೇ: ಗರಿಕೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿ, ಬಿರಿಯುವ ನೆಲ. ಕಪ್ಪು ಮಣ್ಣು ಮಳೆಯಲ್ಲಿ ಉಬ್ಬಿ ನೀರು ನಿಲ್ಲಿಸುತ್ತದೆ, ಆದ್ದರಿಂದ ಹಾಸಿನ ಮಟ್ಟವನ್ನು ಸುತ್ತಲಿನ ನೆಲಕ್ಕಿಂತ ಒಂದು ಗೇಣು ಏರಿಸಿ, ಮರಳು, ಗೊಬ್ಬರ ಬೆರೆಸಿ, ನೀರು ಹರಿದುಹೋಗಲು ಇಳಿಜಾರು ಕೊಡಬೇಕು. ದೊಡ್ಡ ಲಾನ್ ಅಲ್ಲಿ ಬೇಡ. ಬೇವಿನ ಮರದಡಿ ಕಟ್ಟೆ, ಮುಂದೆ ಹತ್ತಡಿ ಹುಲ್ಲು ಇದ್ದರೆ ಸಂಜೆ ಕೂರಲು ಸಾಕು.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಬೆಂಗಳೂರಿನ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಹಸಿರಾಗಿ ನಿಂತ ಗರಿಕೆಯೋ ಜೊಯ್ಸಿಯಾವೋ ದಿನಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ಆವಿ ಮಾಡುತ್ತದೆ. ಸಾವಿರ ಚದರಡಿ ಹಾಸು 93 ಚದರ ಮೀಟರ್. ದಿನಕ್ಕೆ 370 ಲೀಟರ್, ತಿಂಗಳಿಗೆ 11,000 ಲೀಟರ್, ಹೆಚ್ಚುಕಡಿಮೆ ಒಂದು ದೊಡ್ಡ ಟ್ಯಾಂಕರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ, ಆ ಹಾಸು ಮನೆಯಲ್ಲಿ ಹೆಚ್ಚುಕಡಿಮೆ ಮೂವರು ಹೆಚ್ಚಿದಷ್ಟು ನೀರು ಕುಡಿಯುತ್ತದೆ. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬರುವ ಊರಿನಲ್ಲಿ ಈ ಖರ್ಚನ್ನು ನಾನು ಒಪ್ಪಲಾರೆ. ಅದೇ ಹಾಸನ್ನು ಫೆಬ್ರುವರಿಯಿಂದ ಒಣಗಲು ಬಿಟ್ಟು, ಒಳಗಿನ ಕಾಂಡ ಜೀವ ಹಿಡಿದಿರಲು ತಿಂಗಳಿಗೆ ಒಂದೆರಡು ಸಲ ಹತ್ತು ಮಿಲಿಮೀಟರಿನಷ್ಟು ಕೊಟ್ಟರೆ ಎರಡು ಸಾವಿರ ಲೀಟರಿನೊಳಗೆ ತಿಂಗಳು ಕಳೆಯುತ್ತದೆ. ಬಟ್ಟೆ ಒಗೆದು ಜಾಲಿಸಿದ ನೀರೇ ಅದಕ್ಕೆ ಸಾಕಾದೀತು. ಆ ಕಾಲದಲ್ಲಿ ಕಂದು ಹಾಸಿನ ಮೇಲೆ ಓಡಾಟ ಕಡಿಮೆ ಮಾಡಬೇಕು, ಗೊಬ್ಬರ ಹಾಕಬಾರದು, ಕತ್ತರಿಸಬಾರದು.

ಅಪಾರ್ಟ್‌ಮೆಂಟುಗಳಿಗೆ ಸ್ವಂತ ಸಂಸ್ಕರಣಾ ಘಟಕದ ನೀರು ಸಿಗುತ್ತದೆ, ಹಾಸಿಗೆ ಅದನ್ನೇ ಬಳಸಬೇಕು. ಅದರಲ್ಲಿ ಉಪ್ಪಿನಂಶ ಹೆಚ್ಚು. ಗರಿಕೆ, ಜೊಯ್ಸಿಯಾ ತಾಳಿಕೊಳ್ಳುತ್ತವೆ, ಆಕ್ಸೊನೋಪಸ್ ಸುಡುತ್ತದೆ. ಬೇಸಿಗೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಉಪ್ಪು ಮೇಲ್ಮಣ್ಣಿನಲ್ಲೇ ಕೂಡಿಕೊಳ್ಳುತ್ತದೆ. ವಾರಕ್ಕೊಮ್ಮೆ ನೆಲ ನೆನೆಯುವಂತೆ ಹಾಕಿದರೆ ಕೆಳಗಿಳಿಯುತ್ತದೆ. ಸಿಹಿನೀರಿಗೂ ಇದೇ ಕ್ರಮ ಒಳ್ಳೆಯದು. ದಿನವೂ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೆ 20ರಿಂದ 25 ಮಿಲಿಮೀಟರನ್ನು ಒಂದೆರಡು ಸಲದಲ್ಲಿ ಕೊಟ್ಟರೆ ಬೇರು ಆಳಕ್ಕೆ ಹೋಗುತ್ತದೆ. ಸ್ಪ್ರಿಂಕ್ಲರ್ ಎಷ್ಟು ಸುರಿಯುತ್ತದೆಂದು ತಿಳಿಯಲು ನಾಲ್ಕಾರು ಕಡೆ ನೇರ ಗೋಡೆಯ ಡಬ್ಬಿ ಇಟ್ಟು ಅಳೆಯಿರಿ. ನೀರು ಬೇಕೆಂದು ಹುಲ್ಲೇ ಹೇಳುತ್ತದೆ. ಎಲೆ ಮಡಚಿಕೊಳ್ಳುತ್ತದೆ, ಬಣ್ಣ ನೀಲಿಬೂದಿಗೆ ತಿರುಗುತ್ತದೆ, ನಡೆದ ಹೆಜ್ಜೆ ಎದ್ದುಕೊಳ್ಳದೆ ಹಾಗೆಯೇ ಉಳಿಯುತ್ತದೆ. ಹಾಕುವುದಾದರೆ ಬೆಳಗಿನ ಹೊತ್ತು ಹಾಕಬೇಕು; ಸಂಜೆಯ ನೀರು ಎಲೆಯ ಮೇಲೆ ರಾತ್ರಿಯಿಡೀ ನಿಂತು ಬೂಷ್ಟು ರೋಗ ಕರೆಯುತ್ತದೆ.

ನೆಡಲು ಮೃಗಶಿರ, ಆರಿದ್ರಾ ಮಳೆಗಳ ಕಾಲ ಸೂಕ್ತ. ಆದರೆ ಕೆಲಸ ಏಪ್ರಿಲ್‌ನಲ್ಲೇ ಶುರುವಾಗಬೇಕು. ಒಂದಡಿ ಆಳ ಅಗೆದು, ಕಲ್ಲು, ಸಿಮೆಂಟಿನ ಚೂರು, ಕಟ್ಟಡದ ಕಸವನ್ನೆಲ್ಲ ಆರಿಸಿ, ಮುಖ್ಯವಾಗಿ ಕೊನ್ನಾರಿ ಗಡ್ಡೆಯನ್ನು ಬಿಡದೆ ತೆಗೆಯಬೇಕು. ತುಂಗೆ, ಜೇಕು ಎಂದೂ ಕರೆಯುವ ಈ ಕಳೆಯ ಗಡ್ಡೆಗಳು ಸರದಂತೆ ಒಂದಕ್ಕೊಂದು ಕೂಡಿಕೊಂಡು ಆಳಕ್ಕೆ ಇಳಿದಿರುತ್ತವೆ, ಮೇಲಿನ ಎಲೆ ಕಿತ್ತರೆ ಕೆಳಗಿನ ಗಡ್ಡೆ ಎಚ್ಚರಗೊಳ್ಳುತ್ತದೆ. ಅಗೆದ ನೆಲಕ್ಕೆ ನೀರು ಹಾಯಿಸಿ, ಮೊಳೆತ ಕಳೆಯನ್ನು ಗಡ್ಡೆ ಸಮೇತ ಎತ್ತಿ, ಹೀಗೆ ಎರಡು ಮೂರು ಸುತ್ತು ಮಾಡಿ. ನಡುವೆ ತೇವದ ನೆಲಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕರಿಂದ ಆರು ವಾರ ಬೇಸಿಗೆಯ ಬಿಸಿಲಿಗೆ ಬಿಟ್ಟರೆ ಬಹಳಷ್ಟು ಕಳೆಬೀಜ ಒಳಗೇ ಬೆಂದುಹೋಗುತ್ತದೆ. ಕೊನ್ನಾರಿ ಮಾತ್ರ ಪೂರ್ತಿ ಸಾಯುವುದಿಲ್ಲ. ಹಾಸು ಹಾಕಿದಮೇಲೆ ಕೊನ್ನಾರಿಯನ್ನು ಗೆದ್ದವರನ್ನು ನಾನು ಕಂಡಿಲ್ಲ. ಗೊಬ್ಬರ ಪೂರ್ತಿ ಕಳಿತಿರಬೇಕು, ಹಸಿ ಗೊಬ್ಬರದೊಂದಿಗೆ ಕಳೆಬೀಜವೂ ಗೆದ್ದಲೂ ಬರುತ್ತವೆ.

ಬಳ್ಳಿ ತುಂಡುಗಳನ್ನು ನಾಲ್ಕಾರು ಇಂಚಿಗೊಂದರಂತೆ ನೆಡುವುದು ಅಗ್ಗ, ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಗರಿಕೆಯ ಬೀಜ ಬಿತ್ತುವುದಾದರೆ ಎಕರೆಗೆ 10ರಿಂದ 12 ಕಿಲೋ, ಎಂದರೆ ಸಾವಿರ ಚದರಡಿಗೆ ಸುಮಾರು ಕಾಲು ಕಿಲೋ. ನಮ್ಮ ಹಳೆಯ ಮಾಲಿಗಳು ಬಲ್ಲ ಇನ್ನೊಂದು ವಿಧಾನ ಈಗ ಮರೆಯಾಗುತ್ತಿದೆ. ಗರಿಕೆಯನ್ನು ಚಿಕ್ಕದಾಗಿ ಕೊಚ್ಚಿ, ಸಗಣಿ, ಮಣ್ಣು, ನೀರು ಸೇರಿಸಿ ಬಗ್ಗಡ ಮಾಡಿ, ಹದಗೊಳಿಸಿದ ನೆಲಕ್ಕೆ ಸಾರಿಸಿದಂತೆ ಹರಡುವುದು. ಮಳೆಗಾಲದಲ್ಲಿ ಇದು ಚೆನ್ನಾಗಿ ಹತ್ತುತ್ತದೆ, ಖರ್ಚೂ ಕಡಿಮೆ. ಶಾಲೆಯ ಮೈದಾನದಂಥ ದೊಡ್ಡ ಜಾಗಕ್ಕೆ ಇದನ್ನೇ ಹೇಳುತ್ತೇನೆ. ನರ್ಸರಿಯಿಂದ ತಂದು ಹಾಸುವ ಹುಲ್ಲಿನ ಹಲಗೆಗಳು ಅಂದೇ ಹಸಿರು ಕೊಡುತ್ತವೆ, ಆದರೆ ಅವುಗಳಡಿ ಅಂಟಿಬಂದ ಜೇಡಿಮಣ್ಣಿನ ಪದರಕ್ಕೂ ನಿಮ್ಮ ಮಣ್ಣಿಗೂ ಬೆಸುಗೆಯಾಗದಿದ್ದರೆ ಬೇರು ಕೆಳಗಿಳಿಯುವುದಿಲ್ಲ. ಜೊತೆಗೆ ಕೊನ್ನಾರಿಯೂ ಉಚಿತವಾಗಿ ಬರುವುದುಂಟು, ಕೊಳ್ಳುವ ಮುನ್ನ ಒಂದು ಹಲಗೆಯನ್ನು ಮಗುಚಿ ನೋಡಿ.

ಕತ್ತರಿಸುವಾಗ ಎಲೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೆ ತೆಗೆಯಬಾರದು. ನಮ್ಮ ಪಾರ್ಕುಗಳಲ್ಲಿ ತಿಂಗಳಿಗೊಮ್ಮೆ ಬ್ರಷ್ ಕಟರ್ ಹಿಡಿದು ಬುಡದವರೆಗೆ ಬೋಳಿಸುವ ರೂಢಿ ಇದೆ, ಹುಲ್ಲಿಗೆ ಅದರಷ್ಟು ಪೆಟ್ಟು ಬರಗಾಲವೂ ಕೊಡುವುದಿಲ್ಲ. ಬೇಸಿಗೆ ಹತ್ತಿರವಾದಂತೆ ಅರ್ಧದಿಂದ ಒಂದು ಸೆಂಟಿಮೀಟರ್ ಎತ್ತರ ಹೆಚ್ಚಿಸಿದರೆ ಮಣ್ಣಿಗೆ ನೆರಳು ಸಿಗುತ್ತದೆ. ಅಲಗು ಹರಿತವಾಗಿರಬೇಕು, ಮೊಂಡು ಅಲಗು ಎಲೆಯನ್ನು ಹರಿಯುತ್ತದೆ, ತುದಿಗಳು ಬಿಳಿಚಿಕೊಳ್ಳುತ್ತವೆ. ಸಣ್ಣಗೆ ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಟ್ಟರೆ ವರ್ಷದ ಸಾರಜನಕದಲ್ಲಿ ಹತ್ತಿರ ಹತ್ತಿರ ಕಾಲುಭಾಗ ಮರಳಿ ಮಣ್ಣಿಗೆ ಸೇರುತ್ತದೆ. ಅದನ್ನು ಗೋಣಿಚೀಲದಲ್ಲಿ ತುಂಬಿ ಕಸದ ಗಾಡಿಗೆ ಹಾಕಿ, ಆಮೇಲೆ ಯೂರಿಯಾ ಕೊಳ್ಳುತ್ತೇವೆ. ಯೂರಿಯಾ ಹಾಕಲೇಬೇಕೆಂದರೆ ಸಾವಿರ ಚದರಡಿಗೆ ಒಮ್ಮೆಗೆ ಅರ್ಧ ಕಿಲೋ ಸಾಕು, ಒಂದು ಕಿಲೋ ಮೀರಬಾರದು. ಮಳೆಗಾಲದಲ್ಲಿ, ಎಲೆ ಒಣಗಿರುವಾಗ ಎರಚಿ, ಕೂಡಲೇ ನೀರು ಕೊಡಬೇಕು. ಮಳೆಗಾಲದ ಮೊದಲಿಗೆ ಒಮ್ಮೆ, ಕೊನೆಗೊಮ್ಮೆ ಎರೆಗೊಬ್ಬರ, ಮರಳು, ಕೆಮ್ಮಣ್ಣಿನ ಮಿಶ್ರಣವನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಉದುರಿಸಿ ಕಸಪೊರಕೆಯಿಂದ ಒಳಗಿಳಿಸಿದರೆ ಮನೆಯ ಹಾಸಿಗೆ ರಾಸಾಯನಿಕದ ಅಗತ್ಯ ಬಹಳ ಇಲ್ಲ. ಮಣ್ಣಿನ ಪರೀಕ್ಷೆಗೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಕರಾವಳಿಯ ಹುಳಿ ಮಣ್ಣಿಗೆ ಸುಣ್ಣ ಎಷ್ಟು ಎಂಬುದನ್ನು ಪರೀಕ್ಷೆಯಿಲ್ಲದೆ ಅಂದಾಜಿನಿಂದ ಹಾಕಬೇಡಿ.

ಹುಳಗಳಲ್ಲಿ ಗಮನ ಕೊಡಬೇಕಾದದ್ದು ಗೊಣ್ಣೆ ಹುಳು. ಮೊದಲ ಮಳೆಗೆ ದುಂಬಿಗಳು ಹೊರಬಂದು ರಾತ್ರಿ ಬೇವಿನಂಥ ಮರಗಳ ಮೇಲೆ ಕೂರುತ್ತವೆ. ಆಗಲೇ ಕೊಂಬೆ ಅಲುಗಿಸಿ ಆರಿಸಿ ನಾಶಮಾಡಿದರೆ ಮುಂದಿನ ಕಾಟ ಅರ್ಧ ಕಡಿಮೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ತೇಪೆಯಾಗಿ ಒಣಗಿದ ಹುಲ್ಲನ್ನು ಎಳೆದಾಗ ಬೇರಿಲ್ಲದೆ ಕೈಗೆ ಬಂದರೆ ಕೆಳಗೆ ಬಾಗಿದ ಬಿಳಿಯ ಹುಳು ಇರುತ್ತದೆ. ಮೆಟಾರೈಜಿಯಂ ಶಿಲೀಂಧ್ರವನ್ನು ಗೊಬ್ಬರದಲ್ಲಿ ಬೆರೆಸಿ ತೇವದ ನೆಲಕ್ಕೆ ಹಾಕುವುದು ಮಕ್ಕಳು ಆಡುವ ಜಾಗಕ್ಕೆ ವಿಷಕ್ಕಿಂತ ಮೇಲು. ಮಳೆಗಾಲದಲ್ಲಿ ಎರೆಹುಳು ಎಬ್ಬಿಸುವ ಮಣ್ಣಿನ ಗುಪ್ಪೆಗಳನ್ನು ಕಂಡು ಔಷಧಿ ಹೊಡೆಸುವವರಿದ್ದಾರೆ, ಹೊಡೆಸಬೇಡಿ. ಒಣಗಿದಮೇಲೆ ಪೊರಕೆಯಾಡಿಸಿದರೆ ಅದೇ ಗೊಬ್ಬರ.

ಕೃತಕ ಹುಲ್ಲಿನ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಬಿಸಿಲಿಗೆ ಅದರ ಮೇಲ್ಮೈ ಬರಿಗಾಲಿಡಲಾಗದಷ್ಟು ಕಾಯುತ್ತದೆ, ಅಡಿಯ ಮಣ್ಣಿನ ಜೀವಗಳು ಸಾಯುತ್ತವೆ, ಕೆಲವು ವರ್ಷಗಳಲ್ಲಿ ಹರಿದ ಪ್ಲಾಸ್ಟಿಕ್ ರಾಶಿಯಾಗುತ್ತದೆ. ನೀರಿಲ್ಲದ ಕಡೆ ಅಂಗಳವೇ ಚೆಂದ.

ದೊಡ್ಡ ಅಪಾರ್ಟ್‌ಮೆಂಟುಗಳ ಹಾಸು ಬಹಳಷ್ಟು ಕಡೆ ನೆಲದ ಮೇಲೆಯೇ ಇರುವುದಿಲ್ಲ, ಕಾರು ನಿಲ್ಲಿಸುವ ತಳಮನೆಯ ಕಾಂಕ್ರೀಟ್ ಚಾವಣಿಯ ಮೇಲಿರುತ್ತದೆ. ಅಲ್ಲಿ ಮಣ್ಣು ಒಂದು ಗೇಣೂ ಇಲ್ಲದಿದ್ದರೆ ಗರಿಕೆಯಂಥ ಗರಿಕೆಯೂ ಬೇಸಿಗೆ ದಾಟಲಾರದು, ಏಕೆಂದರೆ ಅದರ ಬಲವೆಲ್ಲ ಆಳದಲ್ಲಿದೆ ಮತ್ತು ಇಲ್ಲಿ ಆಳವೇ ಇಲ್ಲ. ನಿವಾಸಿಗಳ ಸಂಘದವರು ಹೊಸದಾಗಿ ಹಾಸು ಹಾಕಿಸುವಾಗ ಗುತ್ತಿಗೆಯ ಕಾಗದದಲ್ಲಿ ಕೆಲವು ವಿಷಯಗಳನ್ನು ಬರೆಸಿಕೊಳ್ಳಬೇಕು: ಕನಿಷ್ಠ ಒಂದಡಿ ಮಣ್ಣು, ನೀರು ಹೊರಹೋಗುವ ದಾರಿ, ಹುಲ್ಲಿನ ಸಸ್ಯಶಾಸ್ತ್ರೀಯ ಹೆಸರು, ಕೊನ್ನಾರಿ ಬಂದರೆ ಒಂದು ವರ್ಷದವರೆಗೆ ತೆಗೆದುಕೊಡುವ ಹೊಣೆ, ಮತ್ತು ಫೆಬ್ರುವರಿಯಿಂದ ಮುಂಗಾರಿನವರೆಗೆ ಹಾಸು ಕಂದಾಗಿದ್ದರೆ ಗುತ್ತಿಗೆದಾರನ ಬಿಲ್ಲು ತಡೆಹಿಡಿಯುವುದಿಲ್ಲ ಎಂಬ ಮಾತು. ಕೊನೆಯದನ್ನು ಬರೆಯದಿದ್ದರೆ ಬಿಲ್ಲಿನ ಭಯಕ್ಕೆ ಆತ ದಿನವೂ ನೀರು ಬಿಡುತ್ತಾನೆ.